ಅಬ್ಬರದ ಹಿಂದಿನ ಲೆಕ್ಕ

ಸಂಕ್ರಾಂತಿಯ ಗಡ್ಡಾ ಯಾತ್ರೆಯಲ್ಲಿ ಸಿದ್ಧರಾಮೇಶ್ವರರ ಏಳು ನಂದಿಧ್ವಜಗಳು ಸೊಲ್ಲಾಪುರದ ಬೀದಿಗಿಳಿದಾಗ ಹಲಗಿಯ ಪೆಟ್ಟು ನೇರವಾಗಿ ಎದೆಗೇ ಬಂದು ಬಡಿಯುತ್ತದೆ. ಅದನ್ನು ಯಾರೂ ಗದ್ದಲ ಎನ್ನುವುದಿಲ್ಲ. ತೊಗಲನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡಿಕೊಂಡು, ತಾಸುಗಟ್ಟಲೆ ಲಯ ತಪ್ಪದೆ ಬಾರಿಸುವವರ ಕಸುಬು ನಮಗೆ ಗೊತ್ತಿದೆ. ನಮ್ಮದೇ ಮನೆಯ ಹುಡುಗ ಮೊಬೈಲಿನಲ್ಲಿ ಮೆಟಲ್ ಸಂಗೀತ ಹಚ್ಚಿದರೆ ಮಾತ್ರ ‘ಏನಪಾ ಇದು ಚೀರಾಟ’ ಎಂದು ಬಂದ್ ಮಾಡಿಸುತ್ತೇವೆ. ಅಲ್ಲಿಯೂ ಕಸುಬಿದೆ, ಕಟ್ಟುನಿಟ್ಟಾದ ಲೆಕ್ಕವಿದೆ.

ಈಗ ಹುಡುಗರ ಬಾಯಲ್ಲಿರುವ ಡೆತ್‌ಕೋರ್ 2000ರ ದಶಕದಲ್ಲಿ ಬೆಳೆದ ಶೈಲಿ. ಡೆತ್ ಮೆಟಲ್‌ನ ಗುಟುರಿಗೆ ಹಾರ್ಡ್‌ಕೋರ್ ಪಂಕ್‌ನ ಸಿಟ್ಟು ಸೇರಿ ಹುಟ್ಟಿದ್ದು. ನಾಗಾಲೋಟದಲ್ಲಿ ಓಡುವ ಡ್ರಮ್ ಒಮ್ಮೆಲೇ ನಿಧಾನಕ್ಕಿಳಿದು ಒಂದೊಂದೇ ಭಾರದ ಪೆಟ್ಟು ಹಾಕುತ್ತದೆ. ಅದೇ ಬ್ರೇಕ್‌ಡೌನ್. ಏಳೆಂಟು ತಂತಿಯ ಗಿಟಾರಿನ ಕೈಚಳಕ ಹೆಚ್ಚಾದರೆ ಟೆಕ್ನಿಕಲ್ ಎಂಬ ಬಿರುದು. ನ್ಯೂಜೆರ್ಸಿಯ ಲೋರ್ನಾ ಶೋರ್ ತಂಡ 2021ರ ‘ಟು ದ ಹೆಲ್‌ಫೈರ್’ ಹಾಡಿನಿಂದ ಜಗತ್ತಿಗೆಲ್ಲ ಪರಿಚಯವಾಯಿತು.

ಅಷ್ಟು ದೂರ ಹೋಗಬೇಕಿಲ್ಲ. ಸೊಲ್ಲಾಪುರದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸಿಗುವ ಬೆಂಗಳೂರಿನಲ್ಲಿ 1991ರಲ್ಲೇ ಡೈಯಿಂಗ್ ಎಂಬ್ರೇಸ್ ಎಂಬ ಮೆಟಲ್ ತಂಡ ಕಟ್ಟಿದವರಿದ್ದರು. 1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಕ್ರಿಪ್ಟೋಸ್ ಆರಂಭಿಸಿದರು. ಕ್ರಿಪ್ಟೋಸ್‌ನದು ಡೆತ್‌ಕೋರ್ ಅಲ್ಲ, ಅದಕ್ಕಿಂತ ಹಳೆಯ ಹೆವಿ ಮೆಟಲ್. ಹಾಗಾಗಿ ಹೊಸ ಕಿವಿಗೆ ಇಲ್ಲಿ ದಾರಿ ಬೇಗ ಸಿಗುತ್ತದೆ.

ನೋಲನ್‌ರ ಬಲಗೈ ಗಮನಿಸಿ. ಅಂಗೈಯ ಅಂಚು ತಂತಿಗಳ ಬುಡಕ್ಕೆ ಒರಗಿರುತ್ತದೆ, ನಾದ ಅರ್ಧಕ್ಕೇ ಮುಚ್ಚಿಹೋಗುತ್ತದೆ. ಒಂದು ದೀರ್ಘ, ಎರಡು ಹ್ರಸ್ವ, ಮತ್ತೆ ಒಂದು ದೀರ್ಘ, ಎರಡು ಹ್ರಸ್ವ: ಕುದುರೆ ಓಟದ ಈ ನಡೆಯ ಮೇಲೆ ಎರಡು ಗಿಟಾರ್‌ಗಳು ಜೋಡಿ ಸ್ವರ ನುಡಿಸುತ್ತವೆ. ಕೈ ಒಂದು ಲಯದಲ್ಲಿರುವಾಗ ಗಂಟಲು ಬೇರೊಂದು ಲಯದಲ್ಲಿ ಕರ್ಕಶವಾಗಿ ಹಾಡಬೇಕು. ಗಣೇಶ್ ತಂಡ ಬಿಟ್ಟ ಮೇಲೆ ಗಾಯನವನ್ನೂ ನೋಲನ್ ಹೊತ್ತುಕೊಂಡರು. ಗಣೇಶ್ ಮುಂದೆ ಬೇವರ್ ಸೀ ತಂಡದ ಗಾಯಕರಾದರು.

ಮೊದಲ ಆಲ್ಬಂ ‘ಸ್ಪೈರಲ್ ಅಸೆಂಟ್’ ಬಂದದ್ದು 2004ರಲ್ಲಿ. 2010ರಲ್ಲಿ ತಂಡ ಯುರೋಪ್ ಪ್ರವಾಸ ಮಾಡಿತು. 2013ರಲ್ಲಿ ಜರ್ಮನಿಯ ವಾಕನ್ ಉತ್ಸವದ ವೇದಿಕೆ ಹತ್ತಿತು. ವಾಕನ್ ಎಂದರೆ ಸುಮಾರು ಎರಡು ಸಾವಿರ ಜನರ ಹಳ್ಳಿ, ವರ್ಷಕ್ಕೊಮ್ಮೆ ಹತ್ತಾರು ಸಾವಿರ ಮೆಟಲ್ ಕೇಳುಗರು ಬಂದು ಸೇರುವ ಜಾತ್ರೆ. ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್ ಮೂಲಕ 2016ರಲ್ಲಿ ‘ಬರ್ನ್ ಅಪ್ ದ ಸ್ಕೈ’ ಹೊರಬಂತು, ಆಮೇಲೆ ‘ಆಫ್ಟರ್‌ಬರ್ನರ್’, ‘ಫೋರ್ಸ್ ಆಫ್ ಡೇಂಜರ್’, 2024ರಲ್ಲಿ ‘ಡೆಸಿಮೇಟರ್’. ಸಿನಿಮಾ ಹಾಡೇ ಸಂಗೀತವೆಂದು ನಂಬಿದ ನಾಡಿನಲ್ಲಿ ಕಾಲು ಶತಮಾನ ಒಂದೇ ಪಟ್ಟು ಹಿಡಿದು ಕೂತವರು ಇವರು. ನನಗೆ ವಾಕನ್‌ಗಿಂತ ಈ ಪಟ್ಟೇ ದೊಡ್ಡದೆನಿಸುತ್ತದೆ.

ಅಕ್ಕಲಕೋಟೆ, ದುಧನಿ ಕಡೆ ಗಿಟಾರ್ ಹಿಡಿದ ಹುಡುಗ ಹುಡುಗಿಯರಿದ್ದರೆ ‘ಬರ್ನ್ ಅಪ್ ದ ಸ್ಕೈ’ಯಿಂದ ಶುರು ಮಾಡಲಿ. ಆ ಕುದುರೆ ಓಟವನ್ನು ಮೊದಲು ನಿಧಾನವಾಗಿ ಬಾರಿಸಿ ಕೈಗೆ ಕೂರಿಸಿಕೊಳ್ಳಲಿ, ವೇಗ ಆಮೇಲೆ. ಅಪ್ಪ ಅವ್ವಂದಿರಿಗೂ ಒಂದು ವಿನಂತಿ: ಬಂದ್ ಮಾಡೆನ್ನುವ ಮೊದಲು ಮಕ್ಕಳ ಪಕ್ಕದಲ್ಲಿ ಕೂತು ಒಂದು ಹಾಡನ್ನಾದರೂ ಪೂರ್ತಿ ಕೇಳಿ.