ತಾತ ಜಾರಿ ಬಿದ್ದಿರಲಿಲ್ಲ

ನಮ್ಮ ತಾತ ಆರು ತಿಂಗಳಲ್ಲಿ ಮೂರು ಸಲ ಬಿದ್ದರು. ಮೊದಲ ಸಲ, ಬಿಸಿನೀರು ಹುಯ್ದುಕೊಂಡು ಸ್ಟೂಲಿನಿಂದ ಏಳುವಾಗ. ಬಚ್ಚಲಮನೆ ಟೈಲ್ಸ್‌ಗೆ ಬೈದೆವು. ಎರಡನೇ ಸಲ, ರಾತ್ರಿ ಮೂತ್ರಕ್ಕೆಂದು ಎದ್ದಾಗ. ಸವೆದ ಹವಾಯಿ ಚಪ್ಪಲಿ ಎಸೆದು ಹೊಸದು ತಂದೆವು. ಮೂರನೇ ಸಲ ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದವರು ನಡುಮನೆಯಲ್ಲಿ, ಒಣ ನೆಲದ ಮೇಲೆ, ಬರಿಗಾಲಲ್ಲೇ ಬಿದ್ದರು. ಬೈಯಲು ಬೇರೇನೂ ಉಳಿದಿರಲಿಲ್ಲ. ಹಾಗಾಗಿ ತಾತನಿಗೇ ಬೈದೆ. ‘ನೋಡ್ಕೊಂಡು ನಡೀಬಾರ್ದಾ ತಾತ?’

ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಹೊಲಿಗೆ ಹಾಕಿದ ಡಾಕ್ಟರು, ‘ಬೀಳೋ ಮುಂಚೆ ಏನ್ ಮಾಡ್ತಿದ್ರಿ?’ ಅಂತ ಕೇಳಿದರು. ನಾವ್ಯಾರೂ ಕೇಳದ ಪ್ರಶ್ನೆ. ‘ಮಲಗಿದ್ದೆ, ಎದ್ದೆ ಅಷ್ಟೇ’ ಅಂದರು ತಾತ. ಡಾಕ್ಟರು ಅವರನ್ನು ಐದು ನಿಮಿಷ ಮಲಗಿಸಿ ಬಿ.ಪಿ. ನೋಡಿದರು: ಮೇಲಿನ ಅಂಕಿ 142. ನಿಲ್ಲಿಸಿ ನೋಡಿದರು: 112. ನಾನಂತೂ ಮಷೀನೇ ಕೆಟ್ಟಿದೆ ಅಂದುಕೊಂಡೆ.

ನಾವು ಎದ್ದು ನಿಂತ ತಕ್ಷಣ ಅರ್ಧ ಲೀಟರಿನಷ್ಟು ಅಥವಾ ಅದಕ್ಕೂ ಹೆಚ್ಚು ರಕ್ತ ಹೊಟ್ಟೆ, ಕಾಲುಗಳ ಕಡೆ ಇಳಿಯುತ್ತದಂತೆ. ಒತ್ತಡ ಕುಸಿದದ್ದನ್ನು ಕತ್ತಿನ ರಕ್ತನಾಳದಲ್ಲಿರುವ ನರದ ತುದಿಗಳು ಗುರುತಿಸಿದ ಕೂಡಲೇ ಹೃದಯ ವೇಗವಾಗಿ ಬಡಿಯುತ್ತದೆ, ರಕ್ತನಾಳಗಳು ಬಿಗಿಯಾಗುತ್ತವೆ. ನಮಗಿದು ಗೊತ್ತೇ ಆಗುವುದಿಲ್ಲ. ವಯಸ್ಸಾದಂತೆ ರಕ್ತನಾಳ ಪೆಡಸಾಗಿ ಈ ಕೆಲಸ ನಿಧಾನವಾಗುತ್ತದೆ. ಸಕ್ಕರೆ ಕಾಯಿಲೆ ನರಗಳನ್ನು ಕೆಡಿಸಿದ್ದರೆ ಇನ್ನೂ ನಿಧಾನ. ಆ ಕೆಲವು ಸೆಕೆಂಡು ಮಿದುಳಿಗೆ ರಕ್ತ ಸಾಲದೆ, ಕಾಲು ಗಟ್ಟಿಯಿದ್ದರೂ ಆಯ ತಪ್ಪುತ್ತದೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಕಾರಣ ಹುಡುಕಲೇಬೇಕು. ತಾತನ ವಿಷಯದಲ್ಲಿ ಮಾತ್ರೆಗಳದೂ ಪಾಲಿತ್ತು. ಬಿ.ಪಿ.ಗೊಂದು, ಮೂತ್ರದ ತೊಂದರೆಗೆ ಬೇರೆ ಡಾಕ್ಟರು ಕೊಟ್ಟದ್ದೊಂದು. ಎರಡೂ ಒತ್ತಡ ಇಳಿಸುವಂಥವು! ಡಾಕ್ಟರು ಮಾತ್ರೆಗಳನ್ನು ಹೊಂದಿಸಿಕೊಟ್ಟರು. ‘ನೀವಾಗಿ ನೀವೇ ಯಾವುದನ್ನೂ ನಿಲ್ಲಿಸಬೇಡಿ’ ಅಂತಲೂ ಎಚ್ಚರಿಸಿದರು.

ಆಟೋದಲ್ಲಿ ಬರುವಾಗ ತಾತ ಮೆಲ್ಲಗೆ ಹೇಳಿದರು: ‘ಎದ್ದಾಗೆಲ್ಲ ಕಣ್ಣು ಕತ್ತಲಿಡ್ತಿತ್ತು ಕಣೋ. ಹೇಳಿದ್ರೆ ಅಂಗಡಿ ಕಡೆ ಒಬ್ಬನ್ನೇ ಬಿಡಲ್ಲ ಅಂತ ಸುಮ್ಮನಿದ್ದೆ.’ ನಾನು ರಸ್ತೆ ಕಡೆ ನೋಡಿದೆ.

ಈಗ ತಾತ ಮಂಚದ ಅಂಚಿನಲ್ಲಿ ಕೂತು ಪಾದ ಆಡಿಸುತ್ತಾ ಅರವತ್ತರವರೆಗೆ ಎಣಿಸಿ ಏಳುತ್ತಾರೆ. ಅಂಗಡಿಗೂ ಒಬ್ಬರೇ ಹೋಗುತ್ತಾರೆ. ಮೊನ್ನೆ ಎಣಿಕೆಯ ನಡುವೆ ಮಾತಾಡಿಸಿದ್ದಕ್ಕೆ ನನಗೆ ಚೆನ್ನಾಗಿ ಬೈದು, ಮತ್ತೆ ಒಂದರಿಂದ ಶುರು ಮಾಡಿದರು.