ಇಳಿಯುವ ನಾಡು

ಒಳ್ಳೆಯ ಸಮಾರ್ಯದವನ ಕಥೆ ಕ್ರೈಸ್ತರಲ್ಲದವರಿಗೂ ಗೊತ್ತು. ದಾರಿಹೋಕನೊಬ್ಬ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದಿರುತ್ತಾನೆ. ಯಾಜಕ ನೋಡಿಯೂ ಬದಿಗೆ ಸರಿದು ಹೋಗುತ್ತಾನೆ. ಕೀಳೆಂದು ಕಡೆಗಣಿಸಲಾದ ಸಮಾರ್ಯದವನು ಬಂದು ಗಾಯ ಕಟ್ಟುತ್ತಾನೆ. ಈ ಕಥೆ ಹೇಳುವಾಗ ಯೇಸು ಆ ದಾರಿಹೋಕ ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುತ್ತಿದ್ದ ಎನ್ನುವುದಿಲ್ಲ, ಇಳಿಯುತ್ತಿದ್ದ ಎನ್ನುತ್ತಾನೆ. ಆ ಒಂದು ಕ್ರಿಯಾಪದದ ಮೇಲೆ ನನ್ನ ಕಣ್ಣು ಬಹಳ ಕಾಲ ನಿಂತಿರಲಿಲ್ಲ. ಒಂದು ದಿನ ನಕಾಶೆಯಲ್ಲಿ ಎತ್ತರದ ಅಂಕಿಗಳನ್ನು ನೋಡಿದೆ. ಯೆರೂಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲೆ. ಯೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗೆ. ನಡುವಿನ ದಾರಿ 30 ಕಿಲೋಮೀಟರೂ ಇಲ್ಲ. ಒಂದು ಹಗಲಿನ ನಡಿಗೆಯಲ್ಲಿ ಮನುಷ್ಯ ಸಾವಿರ ಮೀಟರ್ ಇಳಿಯುತ್ತಾನೆ. ಕಡಲು ಎಲ್ಲೂ ಕಾಣದ ಬೆಟ್ಟದ ಸಂದಿಯಲ್ಲಿ ಕಡಲ ಮಟ್ಟವನ್ನೂ ದಾಟಿ ಇನ್ನೂ ಕೆಳಕ್ಕೆ ಹೋಗುತ್ತಾನೆ.

ಅಲ್ಲಿಂದಾಚೆಗೆ ನಾನು ಬೈಬಲ್ಲನ್ನು ಮೀಟರ್ ಲೆಕ್ಕ ಜೊತೆಗಿಟ್ಟುಕೊಂಡೇ ಓದುತ್ತೇನೆ. ಯೆರೂಸಲೇಮಿಗೆ ಯಾರೇ ಹೋಗಲಿ, ಆ ಗ್ರಂಥದಲ್ಲಿ ಅವರು ಏರಿ ಹೋಗುತ್ತಾರೆ. ಕೀರ್ತನೆಗಳ ಪುಸ್ತಕದಲ್ಲಿ 120ರಿಂದ 134ರವರೆಗಿನ 15 ಹಾಡುಗಳಿಗೆ ಮೂಲ ಹೀಬ್ರೂನಲ್ಲಿ ಏರುವಿಕೆಯ ಹಾಡುಗಳೆಂದೇ ಹೆಸರು. ಯೊರ್ದನ್ ಎಂಬ ಹೊಳೆಯ ಹೆಸರನ್ನು ಇಳಿಯುವುದು ಎಂಬ ಅರ್ಥದ ಹೀಬ್ರೂ ಧಾತುವಿಗೇ ಸೇರಿಸಿ ಹೇಳುತ್ತಾರೆ. ದೇವರ ಕಡೆಗೆ ಏರುವುದು, ಮನುಷ್ಯ ಕೆಳಕ್ಕೆ ಬೀಳುವುದು ಎಂಬ ಮಾತು ಆ ಜನಕ್ಕೆ ಮೊದಲು ಮೊಣಕಾಲಿಗೆ ಗೊತ್ತಾದದ್ದು.

ಹೊಳೆಯದ್ದಂತೂ ಬೆರಗಿನ ಇಳಿತ. 2,814 ಮೀಟರ್ ಎತ್ತರದ ಹೆರ್ಮೋನ್ ಬೆಟ್ಟದ ಮಂಜು ಕರಗಿ, ಅದರ ಬುಡದ ಊಟೆಗಳಲ್ಲಿ ಉಕ್ಕಿ, ಗಲಿಲಾಯ ಸರೋವರಕ್ಕೆ ಬರುತ್ತದೆ. ಯೇಸುವಿನ ಶಿಷ್ಯ ಪೇತ್ರ ಬಲೆ ಬೀಸಿದ ಆ ಸಿಹಿನೀರೇ ಸಮುದ್ರಮಟ್ಟಕ್ಕಿಂತ 210 ಮೀಟರ್ ಕೆಳಗಿದೆ. ಅಲ್ಲಿಂದ ಲವಣ ಸಮುದ್ರಕ್ಕೆ ನೇರ ಗೆರೆ ಎಳೆದರೆ ಸುಮಾರು 105 ಕಿಲೋಮೀಟರ್. ಹೊಳೆ ಮಾತ್ರ ಹಾವಿನಂತೆ ಹೊರಳಿ ಹೊರಳಿ 200 ಕಿಲೋಮೀಟರಿಗೂ ಹೆಚ್ಚು ಹರಿಯುತ್ತದೆ. ಹೋಗಬೇಕಾದ ಕಡೆ ಹೋಗಲು ಅದಕ್ಕೆ ಮನಸ್ಸಿಲ್ಲವೇನೋ ಅನ್ನಿಸುತ್ತದೆ. ಯೇಸುವಿಗೆ ಸ್ನಾನದೀಕ್ಷೆ ಆಯಿತೆಂದು ಯಾತ್ರಿಕರು ನಂಬುವ ಜಾಗ ಈ ಹೊಳೆಯ ಕೊನೆಯ ಕೆಲವೇ ಕಿಲೋಮೀಟರುಗಳಲ್ಲಿದೆ, ಸಮುದ್ರಮಟ್ಟಕ್ಕಿಂತ 350 ಮೀಟರಿಗೂ ಹೆಚ್ಚು ಕೆಳಗೆ. ತನ್ನನ್ನು ತಗ್ಗಿಸಿಕೊಂಡವನ ಕಥೆ ಭೂಮಿಯ ಅತಿ ತಗ್ಗಿನ ಹೊಳೆಯಲ್ಲಿ ಶುರುವಾಗುತ್ತದೆ.

ಇನ್ನು ಲವಣ ಸಮುದ್ರ. ಕನ್ನಡ ಬೈಬಲ್ಲಿನಲ್ಲಿ ಇರುವ ಈ ಹೆಸರೇ ನನಗೆ ಮೃತ ಸಮುದ್ರ ಎನ್ನುವುದಕ್ಕಿಂತ ಇಷ್ಟ. ಇಂದು ಅದರ ದಡ ಸಮುದ್ರಮಟ್ಟಕ್ಕಿಂತ 435 ಮೀಟರಿಗೂ ಹೆಚ್ಚು ಕೆಳಗಿದೆ. ನೆಲದ ಮೇಲೆ ನಿಲ್ಲಬಹುದಾದ ಜಾಗಗಳಲ್ಲಿ ಇದಕ್ಕಿಂತ ತಗ್ಗು ಇನ್ನೊಂದಿಲ್ಲ. ನೀರಿನ ಆಳ ಮತ್ತೆ ಸುಮಾರು 300 ಮೀಟರ್. ಈ ತಗ್ಗಿಗೆ ಕಾರಣ ನೆಲದ ಸೀಳು: ಅರಬ್ಬಿ ಭೂಫಲಕ ಪಕ್ಕದ ಫಲಕವನ್ನು ಉಜ್ಜಿಕೊಂಡು ವರ್ಷಕ್ಕೆ ಸುಮಾರು 5 ಮಿಲಿಮೀಟರಿನಂತೆ ಉತ್ತರಕ್ಕೆ ಸರಿಯುತ್ತಿದೆ. ಸುಮಾರು ಎರಡು ಕೋಟಿ ವರ್ಷಗಳಲ್ಲಿ ಹೀಗೆ ಸರಿದದ್ದು 100 ಕಿಲೋಮೀಟರಿಗೂ ಹೆಚ್ಚು. ಆ ಸೀಳಿನಲ್ಲಿ ಕುಸಿದ ತೊಟ್ಟಿಗೆ ಬಂದ ನೀರಿಗೆ ಹೊರಹೋಗುವ ದಾರಿಯಿಲ್ಲ. ಬಿಸಿಲಿಗೆ ಆರುವುದೊಂದೇ ದಾರಿ, ಉಪ್ಪು ಅಲ್ಲೇ ಉಳಿಯುತ್ತದೆ.

ಎಷ್ಟು ಉಪ್ಪು? ಅಂಕಿ ಓದಿದರೆ ತಲೆಗೆ ಹತ್ತಲಿಲ್ಲ, ಅಡುಗೆಮನೆಗೆ ಹೋದೆ. ಒಂದು ಲೀಟರ್ ನೀರಿಗೆ ಮೊದಲು 35 ಗ್ರಾಂ ಪುಡಿ ಉಪ್ಪು ಹಾಕಿದೆ. ಸುಮಾರು ಎರಡು ದೊಡ್ಡ ಚಮಚ, ಕಲಕಿದೊಡನೆ ಮಾಯವಾಯಿತು. ಅದು ಮಾಮೂಲಿ ಕಡಲು. ಆಮೇಲೆ 340 ಗ್ರಾಂ ಆಗುವವರೆಗೆ ಹಾಕುತ್ತಾ ಹೋದೆ. ಕೊನೆಯ ಹಿಡಿ ಸುಲಭಕ್ಕೆ ಕರಗಲೊಲ್ಲದು, ಪಾತ್ರೆಯ ತಳದಲ್ಲಿ ಸೌಟು ಕರಕರ ಎನ್ನುತ್ತಿತ್ತು. ನೀರು ಮಂದವಾಗಿ ಸೌಟಿಗೆ ಭಾರ ಕೊಡುತ್ತಿತ್ತು. ಕೋಳಿಮೊಟ್ಟೆ ಬಿಟ್ಟರೆ ಮೈಯ ಒಂದಿಷ್ಟು ಮೇಲೆತ್ತಿಕೊಂಡೇ ತೇಲಿತು. ಲವಣ ಸಮುದ್ರದಲ್ಲಿ ಮನುಷ್ಯರು ತೇಲುವುದೂ ಹೀಗೆಯೇ. ಆದರೆ ಅಲ್ಲಿನದು ಬರೀ ಅಡುಗೆ ಉಪ್ಪಲ್ಲ, ಮ್ಯಾಗ್ನೀಸಿಯಂ ಲವಣವೇ ಹೆಚ್ಚು, ಕಟು ಕಹಿ. ಅದರ ನೈರುತ್ಯ ದಡದಲ್ಲಿ ಇಡೀ ಬೆಟ್ಟವೇ ಉಪ್ಪಿನದು, ಹೆಸರು ಸೊದೋಮ್ ಬೆಟ್ಟ. ಅದರೊಳಗಿನ ಒಂದು ಗುಹೆಯನ್ನು 2019ರ ಹೊತ್ತಿಗೆ ಅಳೆದು ಮುಗಿಸಿದಾಗ 10 ಕಿಲೋಮೀಟರ್ ದಾಟಿತ್ತು. ಬೈಬಲ್ಲಿನಲ್ಲಿ ಸೊದೋಮ್ ಪಟ್ಟಣ ಬಿಟ್ಟು ಓಡುವಾಗ ಹಿಂದಿರುಗಿ ನೋಡಿದ ಲೋಟನ ಹೆಂಡತಿ ಉಪ್ಪಿನ ಕಂಬವಾದ ಕಥೆ ಹುಟ್ಟಿದ್ದು ಈ ಸೀಮೆಯಲ್ಲಿ. ಬೇರೆಲ್ಲಿ ಹುಟ್ಟೀತು?

ಈ ಸಮುದ್ರ ಈಗ ಕಣ್ಣೆದುರೇ ಕುಗ್ಗುತ್ತಿದೆ, ಅದನ್ನು ಬರೆಯುವಾಗ ಸಂಕಟವಾಗುತ್ತದೆ. ಯೊರ್ದನ್ ಹಿಂದೆ ವರ್ಷಕ್ಕೆ 100 ಕೋಟಿ ಘನ ಮೀಟರಿಗೂ ಹೆಚ್ಚು ನೀರು ತರುತ್ತಿತ್ತು. ಇಸ್ರೇಲ್, ಜೋರ್ಡಾನ್, ಸಿರಿಯಾ ಮೂವರೂ ಮೇಲೆಯೇ ತಿರುಗಿಸಿಕೊಂಡ ಮೇಲೆ ಹತ್ತರಲ್ಲೊಂದು ಪಾಲೂ ಬರುತ್ತಿಲ್ಲ. ಪೊಟ್ಯಾಶ್ ಕಾರ್ಖಾನೆಗಳು ದಕ್ಷಿಣದಲ್ಲಿ ನೀರನ್ನು ಮಡಿಗಳಿಗೆ ಹಾಯಿಸಿ ಆರಿಸುತ್ತವೆ. ಮಟ್ಟ ವರ್ಷಕ್ಕೆ ಒಂದು ಮೀಟರಿನಷ್ಟು ಇಳಿಯುತ್ತಿದೆ. ಬರಿದಾದ ದಡದಡಿಯ ಉಪ್ಪಿನ ಪದರವನ್ನು ಸಿಹಿ ಅಂತರ್ಜಲ ಕರಗಿಸಿ, ನೆಲ ಬಾಯ್ದೆರೆದು ಸಾವಿರಾರು ಗುಂಡಿಗಳಾಗಿವೆ. ರಸ್ತೆ, ಖರ್ಜೂರದ ತೋಟ ಎಲ್ಲ ಒಳಗೆ ಹೋಗಿವೆ.

ಪ್ರವಾದಿ ಯೆಹೆಜ್ಕೇಲ ಇದೇ ನೀರನ್ನು ಕುರಿತು ದರ್ಶನವೊಂದನ್ನು ಬರೆದಿಟ್ಟಿದ್ದಾನೆ. ದೇವಾಲಯದ ಹೊಸ್ತಿಲಡಿಯಿಂದ ನೀರು ಹೊರಟು ಪೂರ್ವಕ್ಕೆ ಹರಿಯುತ್ತದೆ. ಜೊತೆಗಿದ್ದವನು ಅಳತೆಯ ನೂಲು ಹಿಡಿದು ಸಾವಿರ ಸಾವಿರ ಮೊಳಕ್ಕೆ ನಿಲ್ಲುತ್ತಾನೆ: ನೀರು ಮೊದಲು ಹರಡಿನವರೆಗೆ, ಆಮೇಲೆ ಮೊಣಕಾಲು, ಆಮೇಲೆ ಸೊಂಟ, ನಾಲ್ಕನೆಯ ಸಾವಿರಕ್ಕೆ ಈಜದೆ ದಾಟಲಾಗದ ನದಿ. ಬರೀ ಎರಡು ಕಿಲೋಮೀಟರಿನಷ್ಟರಲ್ಲಿ, ಉಪನದಿಯೊಂದೂ ಸೇರದೆ! ಅದು ಉಪ್ಪಿನ ನೀರನ್ನು ಸಿಹಿ ಮಾಡುತ್ತದೆ, ಏಂಗೆದಿಯ ದಡದಲ್ಲಿ ಬೆಸ್ತರು ಬಲೆ ಹರಡುತ್ತಾರೆ. ಕೆಸರು ಹೊಂಡಗಳನ್ನು ಮಾತ್ರ ಹಾಗೇ ಬಿಡುತ್ತದೆ, ಉಪ್ಪಿಗೆ ಬೇಕಲ್ಲ. ದರ್ಶನ ಕಾಣುವಾಗಲೂ ಮನೆಯ ಉಪ್ಪನ್ನು ಮರೆಯದ ಈ ಪ್ರವಾದಿಯ ಮೇಲೆ ನನಗೆ ವಿಶೇಷ ಪ್ರೀತಿ. ಅಲ್ಲಿ ಸಿಹಿನೀರು ಬರೀ ದರ್ಶನದ ಮಾತಲ್ಲ: 2011ರಲ್ಲಿ ಮುಳುಗುಗಾರರು ಲವಣ ಸಮುದ್ರದ ತಳದಲ್ಲಿ ಸಿಹಿನೀರಿನ ಊಟೆಗಳನ್ನೂ ಅವುಗಳ ಸುತ್ತ ಸೂಕ್ಷ್ಮಜೀವಿಗಳ ದಟ್ಟ ಪದರಗಳನ್ನೂ ಕಂಡರು.

ದರ್ಶನದ ನದಿಯ ಎರಡೂ ದಡಗಳಲ್ಲಿ ಹಣ್ಣಿನ ಮರಗಳು ಎಂದೂ ಯೆಹೆಜ್ಕೇಲ ಬರೆದಿದ್ದಾನೆ. ಹಣ್ಣು ಈ ಒಣ ನೆಲದಿಂದಲೂ ಬಂದಿದೆ. ಲವಣ ಸಮುದ್ರದ ಪಶ್ಚಿಮಕ್ಕಿರುವ ಬೆಂಗಾಡಿನ ಗುಹೆಗಳು ಎಷ್ಟು ಒಣಕಲೆಂದರೆ, ಕುಮ್ರಾನಿನಲ್ಲಿ 1947ರಲ್ಲಿ ಸಿಕ್ಕ ಪ್ರವಾದಿ ಯೆಶಾಯನ ಗ್ರಂಥದ ಸುರುಳಿ, 7.34 ಮೀಟರ್ ಉದ್ದದ್ದು, ಎರಡು ಸಾವಿರ ವರ್ಷ ಕಳೆದೂ ಓದುವಂತಿತ್ತು. ಖರ್ಜೂರದ ಬೀಜಗಳೂ ಹಾಗೇ ಉಳಿದಿದ್ದವು. ಅದೇ ಸೀಮೆಯ ಮಸಾದ ಕೋಟೆಯಲ್ಲಿ ಸಿಕ್ಕ ಒಂದನ್ನು 2005ರಲ್ಲಿ ನೆಟ್ಟರು, ಮೊಳೆಯಿತು. ಅದಕ್ಕೆ, 969 ವರ್ಷ ಬದುಕಿದನೆಂದು ಬೈಬಲ್ ಹೇಳುವ ಮೆತೂಷೆಲಹನ ಹೆಸರಿಟ್ಟರು. ಅದು ಗಂಡು ಮರ. ಇನ್ನೊಂದು ಹಳೆಯ ಬೀಜದಿಂದ ಎದ್ದ ಹೆಣ್ಣು ಮರಕ್ಕೆ, ಬಹುಕಾಲ ಮಕ್ಕಳಿಲ್ಲದೆ ಅತ್ತು ಕೊನೆಗೆ ಸಮುವೇಲನನ್ನು ಹೆತ್ತ ಹನ್ನಳ ಹೆಸರು. ಅವನ ಪರಾಗವನ್ನು ಅವಳಿಗೆ ಸೋಕಿಸಿದರು. 2020ರಲ್ಲಿ ಗೊನೆ ಕೊಯ್ದು ಎಣಿಸಿದಾಗ 111 ಹಣ್ಣುಗಳಿದ್ದವು.