ಲಿಫ್ಟ್ ಆಯ್ತು, ಮುಂದೇನು?

ಜಿಮ್ನಿಗೆ 2 ಇಂಚು ಲಿಫ್ಟ್ ಹಾಕ್ಸಿದ್ರಿ.
ಮುಂದಿನ ದುಡ್ಡು ಯಾವುದಕ್ಕೆ?
ವಿಂಚ್‌ಗಾ? ಲೈಟ್ ಬಾರ್‌ಗಾ?

ತಡೀರಿ.
ಮೊದಲು ಸ್ಟಿಯರಿಂಗ್ ನೋಡಿ.

ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುತ್ತೆ, ಗಮನಿಸಿದ್ದೀರಾ?
ನೆಟ್ಟಗೆ ಹೋಗೋಕೆ ಆ ಓರೆ ಸಹಾಯ ಮಾಡುತ್ತೆ.
ಜಿಮ್ನಿಯ ಮುಂದಿನ ಚಕ್ರಗಳಿಗೂ ಅಂಥದ್ದೇ ಓರೆ ಇದೆ.
ಅದೇ ಕ್ಯಾಸ್ಟರ್.
ಗಾಡಿ ಎತ್ತಿದಾಗ ಅದು ಕಮ್ಮಿಯಾಗುತ್ತೆ.
ಹೈವೇಲಿ ಸ್ಪೀಡ್ ಏರಿದ್ರೆ
ಗಾಡಿ ಆ ಕಡೆ ಈ ಕಡೆ ಎಳೆಯುತ್ತೆ,
ತಿರುಗಿಸಿದ ಸ್ಟಿಯರಿಂಗ್ ತಾನಾಗಿ ವಾಪಸ್ ಬರಲ್ಲ.

ಕ್ಯಾಸ್ಟರ್ ಸರಿಮಾಡೋ ಬುಶ್ ಹಾಕ್ಸಿ.
ಅಲೈನ್‌ಮೆಂಟ್ ಮಾಡ್ಸಿ.
ದಿನಾ ಮಕ್ಕಳನ್ನ ಸ್ಕೂಲಿಗೆ ಬಿಡೋ ಗಾಡಿ,
ಇಲ್ಲಿ ರಾಜಿ ಬೇಡವೇ ಬೇಡ.

ಆಮೇಲೆ ಟೈರ್.
ದೊಡ್ಡದು ನೋಡೋಕೆ ಚೆಂದ, ನಿಜ.
ಆದ್ರೆ ಇರೋದು ಒಂದೂವರೆ ಲೀಟರ್ ಎಂಜಿನ್.
ಟೈರ್ ತೂಕ ಏರಿದಷ್ಟೂ ಪಿಕಪ್ ಇಳಿಯುತ್ತೆ,
ಬ್ರೇಕ್‌ಗೂ ಭಾರ.
ಕಂಪನಿ ಸೈಜಲ್ಲೇ ಒಳ್ಳೆ ಆಲ್ ಟೆರೇನ್ ಸಾಕು.

ಸಕಲೇಶಪುರದ ಕೆಸರಲ್ಲಿ ಟೈರ್ ಗಾಳಿ ಇಳಿಸಿದ್ರೆ ಹಿಡಿತ ಸಿಗುತ್ತೆ.
ರಸ್ತೆಗೆ ಬಂದ್ಮೇಲೆ ತುಂಬೋಕೆ ಕಂಪ್ರೆಸರ್ ಬೇಕು.
ವಿಂಚ್‌ಗಿಂತ ಮೊದಲು ಅದನ್ನೇ ತಗೊಳ್ಳಿ,
ಜೊತೆಗೆ ಒಂದು ರಿಕವರಿ ಹಗ್ಗ.

ಬುಲ್ ಬಾರ್ ಬೇಡ.
ಕೇಂದ್ರ ಸರ್ಕಾರ 2017ರಲ್ಲೇ ಅದರ ವಿರುದ್ಧ ಆದೇಶ ಹೊರಡಿಸಿದೆ.
ಏರ್‌ಬ್ಯಾಗ್ ಕೆಲಸಕ್ಕೂ ಅಡ್ಡಿಯಾಗಬಹುದು.

ಲಿಫ್ಟ್ ವಿಷಯ ಇನ್ಶೂರೆನ್ಸ್‌ನವರಿಗೆ ಹೇಳಿದ್ದೀರಾ?
ಇಲ್ಲಾಂದ್ರೆ ಇವತ್ತೇ ಫೋನ್ ಮಾಡಿ.